ಜೋಡಿ ಎತ್ತಿಗೊಬ್ಬ ಕೊಸರು

ಹಿಂದೂಪುರದ ಲಿಂಗಣ್ಣ ಸಾಹುಕಾರರ ಬೆಲ್ಲದ ಮಂಡಿಯಲ್ಲಿ ಕದಿರಪ್ಪನಿಗೆ ಎರಡು ಕೆಲಸ. ಹಗಲು ಹೊತ್ತು ಕಾಟಾದ ಮುಂದೆ ನಿಂತು ಬೆಲ್ಲ ತೂಗುವುದು; ಸಾಯಂಕಾಲ ಸಾಹುಕಾರರ ಹಾಕಿ ಟೀಮಿನಲ್ಲಿ ಆಡದೆ ಕೂರುವುದು. ಮೊದಲನೆಯದನ್ನು ಯಾರು ಬೇಕಾದರೂ ಮಾಡಬಹುದಿತ್ತು. ಎರಡನೆಯದನ್ನು ತನ್ನಷ್ಟು ಅಚ್ಚುಕಟ್ಟಾಗಿ ಮಾಡುವವರು ಅನಂತಪುರ ಜಿಲ್ಲೆಯಲ್ಲೇ ಇಲ್ಲವೆಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಬೇರೆಯವರು ಹೇಳಿ ನಗುವ ಮುಂಚೆ ತಾನೇ ಹೇಳಿ ನಕ್ಕುಬಿಟ್ಟರೆ ಅರ್ಧ ನೋವು ಇಳಿಯುತ್ತದೆ ಎಂಬುದು ಅವನ ಅನುಭವ. ಉಳಿದರ್ಧ ಇಳಿಯುತ್ತಿರಲಿಲ್ಲ.

ಮ್ಯಾಚಿನ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿ, ತೊಳೆದ ಜರ್ಸಿ ತೊಟ್ಟು, ಗೆರೆಯ ಆಚೆ ಬೆಂಚಿನ ಮೇಲೆ ಕೂರುತ್ತಿದ್ದ. ಹಾಫ್ ಟೈಮಿನಲ್ಲಿ ಎದ್ದು ಆಡುವವರಿಗೆ ನಿಂಬೆಹಣ್ಣಿನ ಹೋಳು ಹಂಚುತ್ತಿದ್ದ. ಆಟ ಮುಗಿದ ಮೇಲೆ ಜರ್ಸಿ ಬಿಚ್ಚಿ ಅಕ್ಕ ಮುನಿಯಕ್ಕನ ಕೈಗೆ ಕೊಡುತ್ತಿದ್ದ. ಗಂಡ ಸತ್ತ ಮೇಲೆ ತಮ್ಮನನ್ನು ಜೊತೆಗಿಟ್ಟುಕೊಂಡು ಬದುಕುತ್ತಿದ್ದ ಮುನಿಯಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಒಂದ್ ತೊಟ್ಟು ಬೆವರಿಲ್ವಲ್ಲೋ, ಇದನ್ನ ಒಗೆದ್ರೆ ಸೋಪಿಗೇ ಅವಮಾನ" ಎಂದು ಹಾಗೇ ಮಡಿಸಿ ಗೂಟಕ್ಕೆ ಹಾಕುತ್ತಿದ್ದಳು.

ಕದಿರಪ್ಪ ಸೋಮಂದೇಪಲ್ಲಿಯ ಬೇಸಾಯದ ಮನೆಯವನು. ಹುಣಸೆ ಕೊಂಬೆಯನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿ ಸ್ಟಿಕ್ಕು ಮಾಡಿಕೊಂಡು, ಚಿಂದಿ ಸುತ್ತಿದ ಚೆಂಡಿನಲ್ಲಿ ಆಡಿ ಬೆಳೆದವನು. ಊರಿನಲ್ಲಿ ಅವನಷ್ಟು ಚೆನ್ನಾಗಿ ಹಾಕಿ ಆಡುವವರು ಇರಲಿಲ್ಲ. ಊರಿನಲ್ಲಿ ಬೇರೆ ಯಾರೂ ಹಾಕಿಯನ್ನೇ ಆಡುತ್ತಿರಲಿಲ್ಲ ಎಂಬುದು ಹಿಂದೂಪುರಕ್ಕೆ ಬಂದ ಮೇಲೆ ಅವನಿಗೆ ನೆನಪಾಯಿತು.

ಲಿಂಗಣ್ಣನವರು ಜನ್ಮದಲ್ಲಿ ಸ್ಟಿಕ್ಕು ಮುಟ್ಟಿದವರಲ್ಲ. ಮೆಲ್ಬರ್ನಿನಲ್ಲಿ ಇಂಡಿಯಾ ಚಿನ್ನ ಗೆದ್ದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ವರ್ಷ ಅವರಿಗೆ ಹಾಕಿಯ ಹುಚ್ಚು ಹಿಡಿಯಿತು. ಕೂಲಿ ಕೊಟ್ಟು ಟೀಮು ಕಟ್ಟಿದರು. ಹಗಲು ಮಂಡಿಯಲ್ಲಿ ದುಡಿಯಬೇಕು, ಸಾಯಂಕಾಲ ಹಿಂದಿನ ಬಯಲಿನಲ್ಲಿ ಆಡಬೇಕು. ಆಡಿದರೂ ಕೂಲಿ, ಆಡದಿದ್ದರೂ ಕೂಲಿ. ಗೋಲು ಕಾಯುವವನು ಚೀಲದ ಬಾಯಿ ಹೊಲಿಯುತ್ತಿದ್ದ, ಫುಲ್‌ಬ್ಯಾಕಿನವರು ಗಾಡಿಗೆ ಮಾಲು ಹೇರುತ್ತಿದ್ದರು. ಟೀಮು ಕಟ್ಟುವುದರಲ್ಲೂ ಸಾಹುಕಾರರದು ಮಂಡಿಯ ಬುದ್ಧಿಯೇ. "ಗಿರಾಕಿ ಬಂದಾಗ ಗೋಡೌನು ಖಾಲಿ ಕಾಣಬಾರ್ದು" ಎನ್ನುತ್ತಿದ್ದರು. ಒಂದೊಂದು ಜಾಗಕ್ಕೆ ಇಬ್ಬಿಬ್ಬರನ್ನು ಇಟ್ಟರು, ಕೆಲವಕ್ಕೆ ಮೂವರನ್ನೂ ತುಂಬಿದರು. ಎದುರು ಟೀಮಿನವರು ಬಂದಾಗ ಆಡುವ ಹನ್ನೊಂದು ಜನರಿಗಿಂತ ಮೊದಲು ಬೆಂಚಿನ ಮೇಲಿನವರನ್ನು ತೋರಿಸಿ, "ಇವೆಲ್ಲ ನಮ್ಮ ದಾಸ್ತಾನು" ಎಂದು ಮೀಸೆ ತಿರುವುತ್ತಿದ್ದರು.

ಆದರೆ ಆಗಿನ ಹಾಕಿಯಲ್ಲಿ ಒಂದು ಕಟ್ಟಳೆ. ಆಟ ಶುರುವಾದ ಮೇಲೆ ಒಬ್ಬನ ಬದಲು ಇನ್ನೊಬ್ಬ ಇಳಿಯುವಂತಿಲ್ಲ. ಆಡುವವನ ಕಾಲು ಮುರಿದರೆ ಉಳಿದ ಹತ್ತು ಜನ ಆಡಬೇಕು, ದಾಸ್ತಾನು ದಾಸ್ತಾನಾಗಿಯೇ ಇರಬೇಕು. ಹೀಗಾಗಿ ಕದಿರಪ್ಪ ಸೆಂಟರ್ ಫಾರ್ವರ್ಡ್ ಆಗಿ ಮೈದಾನಕ್ಕೆ ಇಳಿಯುವುದಕ್ಕೆ ಇದ್ದದ್ದು ಒಂದೇ ದಾರಿ. ಆ ಜಾಗದಲ್ಲಿ ಆಡುವ ಕುಂದುರ್ಪಿಯ ಮರುಳಸಿದ್ದಪ್ಪ ಮ್ಯಾಚಿಗೆ ಮುಂಚೆಯೇ ಹಾಸಿಗೆ ಹಿಡಿಯಬೇಕು.

ಮರುಳಸಿದ್ದಪ್ಪನಿಗೆ ನೆಗಡಿಯೂ ಆಗುತ್ತಿರಲಿಲ್ಲ. ಮ್ಯಾಚಿನ ದಿನ ಬೆಳಿಗ್ಗೆ ಕದಿರಪ್ಪ ಹಲ್ಲು ಉಜ್ಜುವುದನ್ನೂ ಬಿಟ್ಟು ಅವನ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ.

"ಏನಣ್ಣ, ಮೈ ಬೆಚ್ಚಗಿರೋ ಹಂಗೆ ಕಾಣ್ತದೆ?"

"ಇಲ್ವಲ್ಲೋ, ಚೆನ್ನಾಗಿವ್ನಿ."

"ಕಣ್ಣು ಕೆಂಪಗವೆ."

"ಈಗ ಎದ್ದೆ ಕಣ್ಲಾ, ಅದ್ಕೆ. ಇಡೀ ಮಂಡೀಲಿ ನನ್ನ ಕ್ಷೇಮ ಕೇಳೋನು ನೀನೊಬ್ನೇ ನೋಡು" ಎಂದು ಮರುಳಸಿದ್ದಪ್ಪ ಅವನ ಹೆಗಲ ಮೇಲೆ ಕೈ ಹಾಕುತ್ತಿದ್ದ.

ಇದೇ ಕದಿರಪ್ಪನಿಗೆ ಸಹಿಸಲಾಗದ್ದು. ಆ ಮನುಷ್ಯ ಜಂಬಗಾರನೋ ಚಾಡಿಕೋರನೋ ಆಗಿದ್ದಿದ್ದರೆ ಅವನನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವುದಕ್ಕೂ ಒಂದು ಮರ್ಯಾದೆ ಇರುತ್ತಿತ್ತು. ಇವನು ತಾನು ತಿನ್ನುವ ಕಡಲೆಕಾಯಿಯಲ್ಲಿ ಅರ್ಧ ಕೊಡುವವನು. ಗೋಲು ಹೊಡೆದು ಬಂದು, "ನೀನು ಆಡಿದ್ರೆ ನನಗಿಂತ ಒಂದು ಹೆಚ್ಗೆ ಹೊಡೀತಿದ್ದೆ" ಎಂದು ನಿಜವಾಗಿ ನಂಬಿ ಹೇಳುವವನು. ಮರುಳಸಿದ್ದಪ್ಪ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡವನಂತೆ ಓಡುವಾಗ ಬಯಲಿನ ಸುತ್ತ ನಿಂತ ಜನ "ಕೊಟ್ಟು ಸಿದ್ದಾ!" ಎಂದು ತೆಲುಗಿನಲ್ಲಿ ಕೂಗುತ್ತಿದ್ದರು. ಹೊಡಿ ಎಂಬ ಆ ಕೂಗಿಗೆ ಕದಿರಪ್ಪನ ಕಾಲು ಬೆಂಚಿನ ಕೆಳಗೆ ತಾನಾಗಿ ಒದೆಯುತ್ತಿತ್ತು. ಅದು ಚೆಂಡಿನ ಕಡೆಗೋ ಮರುಳಸಿದ್ದಪ್ಪನ ಕಡೆಗೋ ಅವನಿಗೇ ತಿಳಿಯದು.

ಒಂದು ದಿನ ಕಲ್ಯಾಣದುರ್ಗದಿಂದ ಜಯರಾಮಪ್ಪನವರು ಮಂಡಿಗೆ ಬಂದರು. ಅವರಿಗೆ ಅಲ್ಲಿ ಕಡಲೆಕಾಯಿ ಸುಲಿಯುವ ಮಿಷನ್ನು ಇತ್ತು. ಲಿಂಗಣ್ಣನವರನ್ನು ನೋಡಿ ಅವರೂ ಒಂದು ಹಾಕಿ ಟೀಮು ಸಾಕಿದ್ದರು. ಆ ಟೀಮಿನ ಸೆಂಟರ್ ಫಾರ್ವರ್ಡ್ ಆಗಷ್ಟೇ ರೈಲ್ವೆ ಕೆಲಸ ಸಿಕ್ಕಿ ಗುಂತಕಲ್ಲಿಗೆ ಹೊರಟುಹೋಗಿದ್ದನೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಕದಿರಪ್ಪ ಕಾಟಾದ ಹತ್ತಿರ ನಿಂತು ನೋಡುತ್ತಿದ್ದ. ಇಬ್ಬರು ಸಾಹುಕಾರರೂ ಹಿಂದಿನ ಬಾಗಿಲಲ್ಲಿ ನಿಂತು ಬಯಲಿನ ಕಡೆ ಬಹಳ ಹೊತ್ತು ನೋಡಿದರು. ಬಯಲಿನಲ್ಲಿ ಮರುಳಸಿದ್ದಪ್ಪ ಒಬ್ಬನೇ ಚೆಂಡು ಓಡಿಸುತ್ತಿದ್ದ. ಆಮೇಲೆ ಲಿಂಗಣ್ಣನವರು ಹೆಗಲ ಮೇಲಿನ ಟವಲು ತೆಗೆದು ಕೈಯ ಮೇಲೆ ಹೊದಿಸಿದರು. ಜಯರಾಮಪ್ಪನವರ ಕೈ ಅದರೊಳಗೆ ಹೋಯಿತು.

ಆ ಕಡೆಯ ವ್ಯಾಪಾರವೇ ಹಾಗೆ. ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಒತ್ತಿ, ಬಿಟ್ಟು ಮಾತು ಮುಗಿಸುತ್ತಾರೆ. ಬೆರಳು ಹಿಡಿದು ಒಪ್ಪಿದ ಮೇಲೆ ಹಿಂದೆ ಸರಿಯುವಂತಿಲ್ಲ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಆದರೆ ಕಾಟಾದ ಮುಂದೆ ನಿಂತು ನಿಂತು ತನಗೆ ಮೊಣಕೈ ನೋಡಿಯೇ ಒಳಗಿನ ಬೆರಳು ಓದುವ ವಿದ್ಯೆ ಬಂದಿದೆಯೆಂದು ಕದಿರಪ್ಪ ನಂಬಿದ್ದ. ಆವತ್ತು ಜಯರಾಮಪ್ಪನವರ ಮೊಣಕೈ ನಡುಗಿತು, ಲಿಂಗಣ್ಣನವರ ಮೊಣಕೈ ಗಟ್ಟಿಯಾಗಿ ನಿಂತಿತು, ಕೊನೆಗೆ ಇಬ್ಬರೂ ಮತ್ತೊಮ್ಮೆ ಬಯಲಿನ ಕಡೆ ನೋಡಿ ನಕ್ಕರು. ಕದಿರಪ್ಪನ ಎದೆ ಧಡಧಡ ಹೊಡೆದುಕೊಂಡಿತು. ಮರುಳಸಿದ್ದಪ್ಪನ ವ್ಯಾಪಾರ ಆಗಿಹೋಯಿತು! ಇನ್ನು ಆ ಜಾಗ ಯಾರದು? ಗೋಡೌನಿನಲ್ಲಿ ಸೆಂಟರ್ ಫಾರ್ವರ್ಡ್ ಎಂದು ಇನ್ನು ಇರುವವನು ಯಾರು?

ಬಯಲಿನ ಆಚೆ ತುದಿಯಲ್ಲಿ, ಮರುಳಸಿದ್ದಪ್ಪನ ಹಿಂದೆ, ಬೇವಿನ ಮರಕ್ಕೆ ಸಾಹುಕಾರರ ಹಳ್ಳಿಕಾರ್ ಎತ್ತುಗಳ ಜೋಡಿ ಕಟ್ಟಿತ್ತು. ಅದನ್ನು ಅವನು ದಿನವೂ ನೋಡುತ್ತಿದ್ದ. ಆವತ್ತು ಮಾತ್ರ ನೋಡಲಿಲ್ಲ.

ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಕದಿರಪ್ಪನಿಂದ ಆಗುವ ಮಾತಲ್ಲ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರ್ ಚೌಡಣ್ಣ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ. ಟಿಕೆಟ್ಟು ಹರಿಯುವುದಕ್ಕಿಂತ ಸುದ್ದಿ ಹಂಚುವುದರಲ್ಲೇ ಅವನ ಕೈ ಚುರುಕು.

"ಚೌಡಣ್ಣ, ಯಾರ್ಗೂ ಹೇಳ್ಬ್ಯಾಡ" ಎಂದು ಕದಿರಪ್ಪ ಶುರು ಮಾಡಿದ.

"ನಾನೆಂದಾದ್ರೂ ಹೇಳಿವ್ನಾ? ಚೆಪ್ಪು, ಹೇಳು."

"ಮರುಳಸಿದ್ದಪ್ಪ ನಿಮ್ಮೂರಿಗೆ. ಟವಲ್ ಹಾಕಾಯ್ತು, ನಾನೇ ಕಣ್ಣಾರೆ ಕಂಡೆ."

ಚೌಡಣ್ಣನ ಬನ್ನು ಟೀಯೊಳಗೇ ಮುರಿದುಬಿತ್ತು. "ಅಬ್ಬಬ್ಬಾ! ಲಿಂಗಣ್ಣೋರಿಗೇನು ತಲೆ ಕೆಟ್ಟಿತಾ? ಹಂಗಾದ್ರೆ ಇಲ್ಲಿ ಆ ಜಾಗಕ್ಕೆ ಯಾರು?"

ಕದಿರಪ್ಪ ತಲೆಗೂದಲನ್ನು ಹಿಂದಕ್ಕೆ ನೀವಿಕೊಂಡ.

ಚೌಡಣ್ಣ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಯಾರೋ ಒಬ್ರು ಸಿಗ್ತಾರೆ ಬಿಡು" ಎಂದು ಚಮಚೆಯಿಂದ ಬನ್ನು ಎತ್ತಿಕೊಂಡ.

ಬಸ್ಸು ಹೋದ ದಾರಿಯಲ್ಲೆಲ್ಲ ಸುದ್ದಿ ಇಳಿಯಿತು, ಬಸ್ಸು ತಿರುಗಿ ಬರುವಷ್ಟರಲ್ಲಿ ದಪ್ಪವಾಗಿತ್ತು. ಮರುಳಸಿದ್ದಪ್ಪನಿಗೆ ಕಲ್ಯಾಣದುರ್ಗದಲ್ಲಿ ಹೆಂಚಿನ ಮನೆಯಂತೆ, ಜಲಂಧರದಿಂದ ತರಿಸಿದ ಸ್ಟಿಕ್ಕಂತೆ, ಹೆಣ್ಣು ಕೂಡ ನೋಡಿಟ್ಟಿದ್ದಾರಂತೆ. ತಾನೇ ಹುಟ್ಟಿಸಿದ ಸುದ್ದಿ ಕದಿರಪ್ಪನಿಗೇ ಹೊಟ್ಟೆಕಿಚ್ಚು ತಂದಿತು. ಮನೆ, ಸ್ಟಿಕ್ಕು, ಹೆಣ್ಣು, ಎಲ್ಲ ಅವನಿಗೇ ಏಕೆ? ಖಾಲಿ ಬೀಳುವ ಜಾಗ ತನಗೆ ಸಿಕ್ಕರೆ ಸಾಕು ಎಂದುಕೊಂಡಿದ್ದವನಿಗೆ ಹೋಗುವವನ ಗಂಟಿನ ಮೇಲೂ ಕಣ್ಣು ಬಿತ್ತು.

ಒಂದು ಸಾಯಂಕಾಲ ಮರುಳಸಿದ್ದಪ್ಪ ಬಂದು ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತ. "ನಿಜವೇನ್ಲಾ ಕದಿರಾ, ಜನ ಅನ್ನೋದು?"

"ಯಾವ್ದು?" ಎಂದ ಕದಿರಪ್ಪ, ಏನೂ ಅರಿಯದವನ ಹಾಗೆ.

"ಅದೇ, ಕಲ್ಯಾಣದುರ್ಗ. ನೀನು ಟವಲ್ ನೋಡಿದ್ಯಂತೆ."

"ನೋಡಿದ್ದು ನಿಜ."

ಮರುಳಸಿದ್ದಪ್ಪನ ಕಣ್ಣು ತೇವವಾದವು. ಕದಿರಪ್ಪನ ತೊಡೆಯ ಮೇಲೆ ಒಮ್ಮೆ ತಟ್ಟಿ ಎದ್ದುಹೋದ. ಪಾಪ, ಊರು ಬಿಡುವ ದುಃಖ ಎಂದುಕೊಂಡ ಕದಿರಪ್ಪ. ಕನಿಕರ ಬಂತು. ಕನಿಕರದಷ್ಟು ಸುಖ ಬೇರೆ ಯಾವುದರಲ್ಲೂ ಇಲ್ಲವೆಂದು ಅವನಿಗೆ ಗೊತ್ತಾದದ್ದು ಆವತ್ತೇ. ಅಕ್ಕನಿಗೆ ಹೇಳಿ ಜರ್ಸಿ ಒಗೆಸಿದ.

"ಬೆವರೇ ಇಲ್ಲ, ಯಾತಕ್ಕೋ?" ಎಂದಳು ಮುನಿಯಕ್ಕ.

"ಬತ್ತದೆ ಕಣಕ್ಕ, ಬೆವರು ಬತ್ತದೆ" ಎಂದ.

ಸುಗ್ಗಿ ಮುಗಿಯುವ ಹೊತ್ತಿಗೆ ಜಯರಾಮಪ್ಪನವರು ಮತ್ತೆ ಬಂದರು. ಮಂಡಿಯಲ್ಲಿ ಆಗ ಗಾಡಿಗಳು ಒತ್ತಾಗಿ ನಿಂತಿದ್ದವು, ಟೀಮಿನವರೆಲ್ಲ ಕೆಲಸದಲ್ಲಿದ್ದರು. ಕದಿರಪ್ಪ ಕಾಟಾದ ಮೇಲೆ ಬೆಲ್ಲದ ಅಚ್ಚು ಇಟ್ಟವನು ತೂಕದ ಕಲ್ಲು ಇಡುವುದನ್ನೇ ಮರೆತ.

"ಲಿಂಗಣ್ಣೋರೆ, ಮಾತಿನಂಗೆ ಎತ್ತು ಹೊಡ್ಕೊಂಡೋಗಾಕೆ ಬಂದಿವ್ನಿ" ಎಂದರು ಜಯರಾಮಪ್ಪ. "ಜೊತೆಗೆ ಆ ಹುಡುಗನ್ನೂ ಕಳ್ಸಿಕೊಡಿ."

"ಯಾವ ಹುಡುಗ?"

"ಅದೇ ನಿಮ್ಮ ಮರುಳಸಿದ್ದಪ್ಪ. ನೀವು ಕೊಡ್ತೀರಂತೆ ಅಂತ ನಮ್ಮೂರೆಲ್ಲ ಗುಲ್ಲೆದ್ದು ಹೋಗೈತೆ. ನಂಗೇ ಗೊತ್ತಿಲ್ದಂಗೆ ನಂಗೆ ಹೆಂಗೆ ಕೊಟ್ರೋ ಅಂತ ಕೇಳ್ಕಂಡೋಗಾಕೆ ಬಂದೆ."

ಲಿಂಗಣ್ಣನವರು ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು ಬೆಲ್ಲದ ಮೂಟೆಯ ಮೇಲೆ ಕುಳಿತು ನಕ್ಕರು. ಆವತ್ತು ಟವಲಿನೊಳಗೆ ಆಗಿದ್ದು ಎತ್ತಿನ ವ್ಯಾಪಾರ! ಕದಿರಪ್ಪನಿಗೆ ಬಯಲಿನ ಆಚೆ ತುದಿಯ ಬೇವಿನ ಮರ ಈಗ ಕಂಡಿತು. ಕಾಟಾ ಒಂದು ಕಡೆ ವಾಲಿಕೊಂಡಿತ್ತು. ಅವನು ಕಲ್ಲಿಗಾಗಿ ತಡಕಾಡಿದ.

"ಮರುಳಸಿದ್ದಪ್ಪನ್ನ ಕೊಟ್ಟು ನಾನೇನು ಎತ್ತು ಆಡಿಸ್ಲಾ ಜಯರಾಮಪ್ಪೋರೆ?" ಎಂದರು ಲಿಂಗಣ್ಣ, ಕಣ್ಣೊರೆಸಿಕೊಂಡು.

"ಹಂಗಲ್ಲ, ನಂಗೂ ಒಬ್ಬ ಸೆಂಟರ್ ಫಾರ್ವರ್ಡ್ ಇಲ್ದೆ ಕೈ ಮುರಿದಂಗಾಗೈತೆ. ಊರ ಮುಂದೆ ಮಾತು ಬಂದ್ಬುಟ್ಟೈತೆ, ಬರಿಗೈಲಿ ಹೋದ್ರೆ ನನ್ನ ಮುಖ ಏನಾಗ್ಬೇಕು?"

ವ್ಯಾಪಾರಸ್ಥ ವ್ಯಾಪಾರಸ್ಥನ ಮುಖ ಉಳಿಸಬೇಕು. ಲಿಂಗಣ್ಣನವರು ಮಂಡಿಯ ಸುತ್ತ ಕಣ್ಣು ಹಾಯಿಸಿದರು. ಆ ಕಣ್ಣು ಚೀಲ ಹೊಲಿಯುವವನನ್ನು ದಾಟಿತು, ಗಾಡಿ ಹೇರುವವರನ್ನು ದಾಟಿತು, ಕಾಟಾದ ಹತ್ತಿರ ನಿಂತಿತು.

"ಲೇ ಕದಿರಾ, ಬಾರಪ್ಪ ಇಲ್ಲಿ." ಕದಿರಪ್ಪ ಬಂದ. "ತಗೊಳ್ಳಿ ಜಯರಾಮಪ್ಪೋರೆ. ಇವನೂ ಸೆಂಟರ್ ಫಾರ್ವರ್ಡೇ. ಮಾಲು ಹೊಸದು, ಬಳಸೇ ಇಲ್ಲ. ಎತ್ತಿನ ಜೋಡಿ ಮೇಲೆ ಕೊಸರು ಅಂತ ಕೊಟ್ಟಿವ್ನಿ, ಬೆಲೆ ಬ್ಯಾಡ."

ಎರಡು ಸೇರು ಹುಣಸೆಹಣ್ಣು ಕೊಂಡವರಿಗೆ ಮೇಲೊಂದು ಹಿಡಿ ಹಾಕುತ್ತಾರಲ್ಲ, ಅದು ಕೊಸರು. ಮಂಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವನು ಕದಿರಪ್ಪನೇ, ಅಭ್ಯಾಸಬಲ. ಆದರೆ ಮರುಳಸಿದ್ದಪ್ಪ ನಗಲಿಲ್ಲ. ಅವನು ಗಾಡಿಯ ಗಾಲಿ ಹಿಡಿದುಕೊಂಡು ನೆಲ ನೋಡುತ್ತಿದ್ದ. ಹೋಗುವುದು ತಪ್ಪಿದ್ದಕ್ಕೆ ಹಿಗ್ಗನ್ನು ಬಚ್ಚಿಡುತ್ತಿದ್ದಾನೆ, ಕಳ್ಳ, ಎಂದುಕೊಂಡ ಕದಿರಪ್ಪ.

ಎತ್ತು ಹೊಡೆದುಕೊಂಡು ಹೋಗಲು ಒಬ್ಬ ಆಳು ಬೇಕಿತ್ತು. ಹೇಗೂ ಅದೇ ಊರಿಗೆ ಹೋಗುವವನಿದ್ದನಲ್ಲ. ಮಾರನೆಯ ಬೆಳಿಗ್ಗೆ ಕದಿರಪ್ಪ ಸ್ಟಿಕ್ಕಿಗೆ ಬಟ್ಟೆಯ ಗಂಟು ಸಿಕ್ಕಿಸಿ ಹೆಗಲ ಮೇಲಿಟ್ಟು, ಎತ್ತುಗಳನ್ನು ಮುಂದೆ ಬಿಟ್ಟುಕೊಂಡು ನಡೆದ. ಮುನಿಯಕ್ಕ ಬೀದಿಯ ಕೊನೆಯವರೆಗೆ ಬಂದು ಅತ್ತಳು. ಮರುಳಸಿದ್ದಪ್ಪ ಓಡಿಬಂದು ಒಂದು ಬಟ್ಟೆಯ ಗಂಟು ಕೊಟ್ಟ. "ದಾರೀಲಿ ಕುಂದುರ್ಪಿ ಬತ್ತದೆ. ನಮ್ಮವ್ವಂಗೆ ಕೊಟ್ಬುಡು, ಒಂದ್ ಅಚ್ಚು ಬೆಲ್ಲ, ಒಂದ್ ಸೀರೆ."

ಹಾದಿಯಲ್ಲಿ ಎದುರಾದವರೆಲ್ಲ ಎತ್ತುಗಳನ್ನು ಹೊಗಳಿದರು. ಕೊಂಬು ನೋಡಿದರು, ಬೆನ್ನು ತಡವಿದರು, ಯಾರ ಮಾಲು, ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಿದರು. ಸ್ಟಿಕ್ಕು ಹೊತ್ತವನ ಕಡೆ ಒಬ್ಬರೂ ತಿರುಗಲಿಲ್ಲ. ಕದಿರಪ್ಪನಿಗೆ ಎತ್ತುಗಳ ಮೇಲೂ ಹೊಟ್ಟೆ ಉರಿಯಿತು. "ನೀವಾದ್ರೂ ಬೆಲೆಗೆ ಹೋಗ್ತಿದೀರಿ ಕಣ್ರಪ್ಪ" ಎಂದು ಅವುಗಳಿಗೇ ಹೇಳಿದ. ಎಡಗಡೆಯದು ಬಾಲದಿಂದ ಅವನ ಮುಖಕ್ಕೆ ಬೀಸಿತು.

ಕುಂದುರ್ಪಿಯಲ್ಲಿ ಮರುಳಸಿದ್ದಪ್ಪನ ತಾಯಿ ಕರಿಬಸಮ್ಮ ಗಂಟು ಬಿಚ್ಚುವ ಮುಂಚೆ ಒಲೆ ಹಚ್ಚಿದಳು. ರಾಗಿಮುದ್ದೆ, ಅವರೆಕಾಳಿನ ಸಾರು, ಮೇಲೊಂದಿಷ್ಟು ಬೆಣ್ಣೆ.

"ತಿನ್ನಪ್ಪ, ನನ್ನ ಮಗ ಕಳ್ಸಿದೋನು ನೀನು. ಅವ್ನು ಇಲ್ಲಿಗೆ ಬಂದು ಉಂಡು ಎಷ್ಟು ಕಾಲಾತು! ಕಲ್ಯಾಣದುರ್ಗಕ್ಕೆ ಬತ್ತಾನಂತೆ ಅಂದ್ರು, ಅಲ್ಲಿಂದ ಹತ್ರ, ಬಸ್ಸಲ್ಲಿ ಕುಂತ್ರೆ ಮನೆ ಮುಂದೇನೇ ಇಳೀಬೋದು ಅಂತ ಆಸೆ ಪಟ್ಕಂಡಿದ್ದೆ. ಸುಳ್ಳಾತು."

ಕದಿರಪ್ಪ ನೀರು ಕುಡಿದ. "ನಾನು ಬತ್ತೀನಲ್ಲವ್ವ" ಎಂದ, ಬೇರೇನೂ ತೋಚದೆ.

"ಬಾರಪ್ಪ, ನೀನೂ ಮಗನೇ" ಎಂದು ಅವಳು ಇನ್ನೊಂದು ಮುದ್ದೆ ಹಾಕಿದಳು. ಅಷ್ಟು ರುಚಿಯ ಊಟ ಅವನು ಎಂದೂ ಉಂಡಿರಲಿಲ್ಲ. ಇಂಥ ಊಟ ಉಂಡು ಬೆಳೆದವನು ಅಷ್ಟು ಜೋರಾಗಿ ಓಡುವುದರಲ್ಲಿ ಅವನದೇನು ಹೆಚ್ಚುಗಾರಿಕೆ ಎಂದು ಕೈ ನೆಕ್ಕುತ್ತ ಕೇಳಿಕೊಂಡ.

ಕಲ್ಯಾಣದುರ್ಗದಲ್ಲಿ ಬೆಂಚೇ ಇರಲಿಲ್ಲ. ಜಯರಾಮಪ್ಪನವರ ಟೀಮಿನಲ್ಲಿ ಕದಿರಪ್ಪನೂ ಸೇರಿ ಲೆಕ್ಕಕ್ಕೆ ಸರಿಯಾಗಿ ಹನ್ನೊಂದು ಜನ. ಒಬ್ಬನಿಗೆ ಹೊಟ್ಟೆ ಕೆಟ್ಟರೆ ಮಿಷನ್ನಿನ ಮೇಸ್ತ್ರಿಯೇ ಪಂಚೆ ಎತ್ತಿ ಕಟ್ಟಿ ಇಳಿಯಬೇಕು. ಕದಿರಪ್ಪ ಹೋದ ದಿನವೇ ಸೆಂಟರ್ ಫಾರ್ವರ್ಡ್ ಆದ. ಬದಲಿಗೆ ಯಾರೂ ಇಲ್ಲದಿದ್ದರಿಂದ ಜ್ವರ ಬಂದರೂ ಆಡಿದ, ಕಾಲು ಉಳುಕಿದರೂ ಆಡಿದ. ಮೊದಮೊದಲು ಚೆಂಡು ಅವನ ಸ್ಟಿಕ್ಕನ್ನು ಕಂಡರೆ ದೂರ ಓಡುತ್ತಿತ್ತು. ಹೆಸರು ಅವನಿಗಿಂತ ಮುಂಚೆಯೇ ಚೌಡಣ್ಣನ ಬಸ್ಸಿನಲ್ಲಿ ಬಂದು ಇಳಿದಿತ್ತು, ಚೆಂಡು ತಪ್ಪಿದಾಗಲೆಲ್ಲ ಜನ "ಏ ಕೊಸರೂ!" ಎಂದು ಕೂಗುತ್ತಿದ್ದರು. ಆದರೆ ಆಡುತ್ತ ಆಡುತ್ತ ಕಾಲಿಗೆ ಬುದ್ಧಿ ಬಂತು. ಕೆಲವು ತಿಂಗಳಾದ ಮೇಲೆ ಅದೇ ಜನ ಅದೇ ಹೆಸರನ್ನು ಬೇರೆ ದನಿಯಲ್ಲಿ ಕೂಗತೊಡಗಿದರು. ಜರ್ಸಿಯನ್ನು ಅವನೇ ಒಗೆದುಕೊಳ್ಳುತ್ತಿದ್ದ. ಬಕೆಟ್ಟಿನ ನೀರು ಮೈದಾನದ ಮಣ್ಣಿಗೆ ಕೆಂಪಗಾಗುವುದನ್ನು ನೋಡುವುದೇ ಒಂದು ಸಂತೋಷ.

ಹೊಟ್ಟೆಯ ಉರಿ ಮಾತ್ರ ಆರಲಿಲ್ಲ. ತಾನು ಗೋಲು ಹೊಡೆದ ದಿನವೂ ಚೌಡಣ್ಣನನ್ನು ಹಿಡಿದು ನಿಲ್ಲಿಸಿ, "ಹಿಂದೂಪುರದಲ್ಲಿ ಅವ್ನು ಎಷ್ಟು ಹೊಡೆದ?" ಎಂದೇ ಕೇಳುತ್ತಿದ್ದ. ಚೌಡಣ್ಣ ಯಾವಾಗಲೂ ಒಂದು ಹೆಚ್ಚಿಗೆ ಹೇಳುತ್ತಿದ್ದ.

ಬೇಸಿಗೆಯಲ್ಲಿ ಹಿಂದೂಪುರದ ಬಯಲಿನಲ್ಲಿ ಶೀಲ್ಡಿನ ಆಟಗಳು ನಡೆದವು. ಕೊನೆಯ ದಿನ ಎದುರುಬದುರಾದವು ಲಿಂಗಣ್ಣನವರ ಟೀಮು, ಜಯರಾಮಪ್ಪನವರ ಟೀಮು. ಸುತ್ತ ಜನ ಗೋಡೆ ಹತ್ತಿ, ಮರ ಹತ್ತಿ, ಬೆಲ್ಲದ ಗಾಡಿ ಹತ್ತಿ ಕುಳಿತಿದ್ದರು. ಇವತ್ತು ಇಲ್ಲಿ ಸೋತರೆ ತಾನು ಸಾಯುವವರೆಗೂ ಎತ್ತಿನ ಮೇಲಿನ ಕೊಸರೇ, ಗೆದ್ದರೆ ಆಟಗಾರ. ಕದಿರಪ್ಪ ಅಷ್ಟನ್ನೇ ಯೋಚಿಸುತ್ತ ಮೈದಾನದ ನಡುವಿಗೆ ಬಂದ.

ಆಟ ಶುರುವಾಗಬೇಕಾದರೆ ಎರಡೂ ಕಡೆಯ ಸೆಂಟರ್ ಫಾರ್ವರ್ಡುಗಳು ಚೆಂಡಿನ ಎರಡು ಪಕ್ಕ ನಿಂತು, ನೆಲಕ್ಕೊಮ್ಮೆ ಸ್ಟಿಕ್ಕಿಗೊಮ್ಮೆ ಎಂದು ಮೂರು ಸಲ ಬಡಿದು ಚೆಂಡಿಗೆ ಬೀಳಬೇಕು. ಮರುಳಸಿದ್ದಪ್ಪ ಎದುರಿಗೆ ಬಗ್ಗಿ ನಿಂತ.

"ಅವ್ವ ಹೆಂಗವ್ಳೆಲಾ?" ಎಂದ, ಮೊದಲ ಬಡಿತಕ್ಕೆ.

"ಚೆನ್ನಾಗವ್ಳೆ," ಎರಡನೆಯದಕ್ಕೆ.

"ಮುದ್ದೆ ಹಾಕಿದ್ಲಾ?" ಮೂರನೆಯದಕ್ಕೆ. ಕದಿರಪ್ಪ ಉತ್ತರ ಹುಡುಕುವಷ್ಟರಲ್ಲಿ ಚೆಂಡು ಹೋಗಿಯಾಗಿತ್ತು. ಇನ್ನೂ ಧೂಳು ಇಳಿಯುವ ಮುಂಚೆ ಹಿಂದೂಪುರಕ್ಕೆ ಒಂದು ಗೋಲು.

ಹಾಫ್ ಟೈಮ್ ಕಳೆದ ಮೇಲೆ ಕಲ್ಯಾಣದುರ್ಗದ ಒಬ್ಬ ಹಾಫ್‌ಬ್ಯಾಕು ಚೆಂಡಿಗೆಂದು ಬೀಸಿದ ಸ್ಟಿಕ್ಕು ಮರುಳಸಿದ್ದಪ್ಪನ ಕಾಲಿನ ಹರಡಿಗೆ ಬಡಿಯಿತು. ಅವನು ಕುಸಿದು ಕುಳಿತ. ನಾಲ್ಕು ಜನ ಹೊತ್ತು ಗೆರೆಯ ಆಚೆ ಕೂರಿಸಿದರು. ಎಷ್ಟು ವರ್ಷ ಬೇಡಿಕೊಂಡದ್ದು ಕಣ್ಣೆದುರಿಗೆ ನಡೆದುಹೋಯಿತು, ಕದಿರಪ್ಪ ಎದುರು ಪಾಳಯದಲ್ಲಿದ್ದಾಗ.

"ಬೇರೆಯವನ್ನ ಇಳ್ಸಿ!" ಎಂದು ಲಿಂಗಣ್ಣನವರು ಬೆಂಚಿನಿಂದ ಕೂಗಿದರು.

ಅಂಪೈರು ಕೈ ಅಲ್ಲಾಡಿಸಿದ. ಸಾಹುಕಾರರ ಹಿಂದೆ ತೊಳೆದ ಜರ್ಸಿಗಳ ದಾಸ್ತಾನು ಸಾಲಾಗಿ ಕುಳಿತಿತ್ತು. ಗೋಡೌನಿಗೆ ಬಾಗಿಲೇ ಇರಲಿಲ್ಲ. ಹಿಂದೂಪುರದ ಹತ್ತು ಜನ ಏದುಸಿರು ಬಿಡುತ್ತ ಓಡಿದರು. ಆ ಓಟಗಾರರ ನಡುವಿನ ಖಾಲಿ ಜಾಗ ಕದಿರಪ್ಪನಿಗೆ ಅಂಗೈಯಷ್ಟು ಪರಿಚಿತ. ವರ್ಷಗಟ್ಟಲೆ ಕೂತು ನೋಡಿದ ಜಾಗ. ಅಲ್ಲಿಂದ ನುಗ್ಗಿ ಒಂದು ಗೋಲು ಹೊಡೆದು ಸಮ ಮಾಡಿದ.

ಆಗ ಬಯಲು ಗುಡುಗಿದಂತೆ ಕೂಗಿತು. ಕದಿರಪ್ಪ ಒಂದು ಕ್ಷಣ ಅದು ತನಗೇ ಎಂದುಕೊಂಡು ಕೈ ಎತ್ತಿದ. ತಿರುಗಿ ನೋಡಿದರೆ ಮರುಳಸಿದ್ದಪ್ಪ ಹರಡಿಗೆ ಟವಲು ಬಿಗಿದುಕೊಂಡು ಕುಂಟುತ್ತ ಮೈದಾನಕ್ಕೆ ಮತ್ತೆ ಇಳಿಯುತ್ತಿದ್ದ. ಎತ್ತಿದ ಕೈಯಿಂದ ಕದಿರಪ್ಪ ತಲೆ ಕೆರೆದುಕೊಂಡ.

ಕೊನೆಯ ಗಳಿಗೆಯಲ್ಲಿ ಚೆಂಡು ಕದಿರಪ್ಪನಿಗೆ ಬಂತು. ಅಡ್ಡ ಬಂದವನು ಕುಂಟುವ ಮರುಳಸಿದ್ದಪ್ಪ. ಅವನ ನೋಯುವ ಕಾಲಿನ ಕಡೆಯಿಂದ ಹೋದರೆ ಸುಲಭ. ಕದಿರಪ್ಪ ಇನ್ನೊಂದು ಕಡೆಯಿಂದ ಹೋದ. ಧರ್ಮಕ್ಕೆಂದಲ್ಲ, ನಾಳೆ ಯಾರಾದರೂ ಕುಂಟನನ್ನು ದಾಟಿದ ಎಂದುಬಿಟ್ಟರೆ ಎಂಬ ಹೆದರಿಕೆಗೆ. ಮರುಳಸಿದ್ದಪ್ಪನ ಸ್ಟಿಕ್ಕು ಬಂದೇಬಂತು, ತಾಗಲಿಲ್ಲ; ಅವನು ಆಯ ತಪ್ಪಿ ನೆಲಕ್ಕೆ ಕುಳಿತ. ಕದಿರಪ್ಪ ಹೊಡೆದ ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದು ಇಡೀ ಬಯಲಿಗೆ ಕೇಳಿಸಿತು. ಏಕೆಂದರೆ ಬೇರೆ ಯಾವ ಸದ್ದೂ ಇರಲಿಲ್ಲ. ಹೆಂಗಸರ ಕಡೆಯಿಂದ ಮುನಿಯಕ್ಕ ಒಮ್ಮೆ ಚಪ್ಪಾಳೆ ತಟ್ಟಿ, ತಾನು ಯಾವ ಊರಲ್ಲಿ ಬಾಳಬೇಕೆಂದು ನೆನಪಾಗಿ ನಿಲ್ಲಿಸಿದಳು. ಇನ್ನೊಂದು ಸದ್ದು ಟಕ್ ಟಕ್ ಎಂದು ನೆಲದಿಂದ ಬರುತ್ತಿತ್ತು. ಮರುಳಸಿದ್ದಪ್ಪ ಕುಳಿತಲ್ಲೇ ಸ್ಟಿಕ್ಕಿನಿಂದ ನೆಲ ಬಡಿದು ಶಹಬ್ಬಾಸ್ ಹೇಳುತ್ತಿದ್ದ. ಗೆದ್ದವನಿಗೆ ಅದೂ ಸಹಿಸಲಾಗಲಿಲ್ಲ.

ಶೀಲ್ಡು ಕೊಟ್ಟಾದ ಮೇಲೆ ಬೇವಿನ ಮರದ ಕೆಳಗೆ ಇಬ್ಬರು ಸಾಹುಕಾರರೂ ನಿಂತರು. ಲಿಂಗಣ್ಣನವರು ಹೆಗಲಿನ ಟವಲು ತೆಗೆದರು. ಜಯರಾಮಪ್ಪನವರ ಕೈ ಒಳಗೆ ಹೋಯಿತು. ಇಬ್ಬರೂ ಕದಿರಪ್ಪನ ಕಡೆ ನೋಡಿದರು. ಅವನ ಎದೆ ಹಳೆಯ ಹಾಗೆಯೇ ಧಡಧಡ ಎಂದಿತು. ತನ್ನನ್ನು ವಾಪಸ್ಸು ಕೊಳ್ಳುತ್ತಿದ್ದಾರೆ! ಮೊಣಕೈ ಓದಲು ಕಣ್ಣು ಕಿರಿದು ಮಾಡಿದವನು ತಟ್ಟನೆ ನಿಲ್ಲಿಸಿ, ಹಿಂದಕ್ಕೆ ತಿರುಗಿ ನೋಡಿದ. ಜಯರಾಮಪ್ಪನವರ ಗಾಡಿ ಅಲ್ಲೇ ನಿಂತಿತ್ತು. ನೊಗದಲ್ಲಿ ಅದೇ ಹಳ್ಳಿಕಾರ್ ಜೋಡಿ. ಈ ಸಲ ಊಹಿಸಲು ಹೋಗದೆ ನೇರವಾಗಿ ಹತ್ತಿರ ಹೋದ.

"ಸ್ವಾಮೇ, ತಪ್ಪು ತಿಳೀಬ್ಯಾಡಿ. ಟವಲ್ ಒಳಗಿರೋದು ನಾನೋ, ಎತ್ತೋ?"

ಲಿಂಗಣ್ಣನವರು ಮುಖ ಗಂಟಿಕ್ಕಿದರು. "ಎತ್ತು ಕಣಯ್ಯ! ಆ ಜೋಡಿ ಕೊಟ್ಟಾಗಿಂದ ನಂಗೆ ಅಂಥ ಎತ್ತೇ ಸಿಕ್ಕಿಲ್ಲ. ನೋಡಿದಾಗೆಲ್ಲ ಹೊಟ್ಟೆ ಉರೀತೈತೆ."

ಕದಿರಪ್ಪನ ಮುಖ ಇಳಿಯಿತು. ಅಷ್ಟರಲ್ಲಿ ಜಯರಾಮಪ್ಪನವರು ಟವಲಿನಿಂದ ಕೈ ಈಚೆಗೆ ತೆಗೆದರು. "ಎತ್ತು ಬೇಕಾದ್ರೆ ಕೊಟ್ಟ ಬೆಲೆಗೇ ಹೊಡ್ಕಂಡೋಗಿ ಲಿಂಗಣ್ಣೋರೆ, ಬ್ಯಾಡ ಅನ್ನಲ್ಲ. ಕೊಸರು ಮಾತ್ರ ವಾಪಸ್ ಕೊಡಾಕಿಲ್ಲ."

ಕೊಡುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಲಿಂಗಣ್ಣನವರು ಕದಿರಪ್ಪನನ್ನು ಮೊದಲ ಸಲ ನೋಡಿದವರಂತೆ ಕಾಲಿನಿಂದ ಮೇಲಕ್ಕೆ ನೋಡಿದರು. ಆ ನೋಟ ಕದಿರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಬೆಂಚಿನ ಮೇಲೆ ಕುಳಿತು ತಾನು ಮರುಳಸಿದ್ದಪ್ಪನನ್ನು ನೋಡುತ್ತಿದ್ದದ್ದು ಹಾಗೆಯೇ.

ಬಸ್ಸು ಹತ್ತುವ ಹೊತ್ತಿಗೆ ಮರುಳಸಿದ್ದಪ್ಪ ಕುಂಟಿಕೊಂಡು ಬಂದ. ಕೈಯಲ್ಲಿ ಒಂದು ಗಂಟು. "ಅವ್ವಂಗೆ ಕೊಟ್ಬುಡು."

"ಆಗ್ಲಿ."

ಅವನು ಹೋಗಲಿಲ್ಲ. ಬಸ್ಸಿನ ಸರಳು ಹಿಡಿದು ನಿಂತ. "ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ. ಆವತ್ತು ನೀನು ಟವಲ್ ನೋಡ್ದೆ ಅಂದಾಗ ನಾನು ಎಷ್ಟು ಹಿಗ್ಗಿದ್ದೆ ಗೊತ್ತಾ? ಅವ್ವನ ಹತ್ರ ಹೋಗ್ಬೋದು ಅಂತ. ಕೊನೆಗೆ ನೀನು ಹೋದೆ. ಅವ್ವನ ಕೈ ಮುದ್ದೆ ನೀನು ತಿಂತೀಯ. ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣ್ಲಾ ಕದಿರಾ, ಸುಳ್ಯಾಕೆ ಹೇಳ್ಲಿ."

ಕದಿರಪ್ಪನಿಗೆ ಕೂತ ಸೀಟು ಅಲುಗಿದಂತಾಯಿತು. ತನ್ನನ್ನು ಕಂಡು ಹೊಟ್ಟೆಕಿಚ್ಚು! ಅದೂ ಇವನಿಗೆ! ನಾಚಿಕೆಯೂ ಆಯಿತು. ಆದರೆ ನಾಚಿಕೆಯ ಪಕ್ಕದಲ್ಲೇ ಬೆಲ್ಲದ ಚೂರನ್ನು ದವಡೆಯಲ್ಲಿಟ್ಟುಕೊಂಡಂಥ ಸಿಹಿಯೊಂದು ಕರಗುತ್ತಿತ್ತು. ಉಗಿಯುವ ಮನಸ್ಸಾಗಲಿಲ್ಲ.

"ಏನ್ ಸುದ್ದಿ?" ಎಂದು ಕೇಳಿದ ಚೌಡಣ್ಣ, ಟಿಕೆಟ್ಟು ಹರಿಯುತ್ತ.

"ಏನೂ ಇಲ್ಲ" ಎಂದ ಕದಿರಪ್ಪ. ಅವನ ಬಾಯಿಂದ ಆ ಮಾತು ಕೇಳಿದ್ದು ಚೌಡಣ್ಣನಿಗೆ ಅದೇ ಮೊದಲು.

ಕುಂದುರ್ಪಿಯಲ್ಲಿ ಇಳಿದು ಗಂಟು ಕೊಟ್ಟ. ಕರಿಬಸಮ್ಮ ಮುದ್ದೆ ಹಾಕಿ ಎದುರಿಗೆ ಕುಳಿತಳು.

"ಯಾರು ಗೆದ್ರಪ್ಪ?"

"ನಾವು."

"ಒಳ್ಳೇದಾತು. ನನ್ನ ಮಗ ಹೆಂಗಾಡ್ದ?"

ಕದಿರಪ್ಪ ತುತ್ತು ನುಂಗಿದ. ಹರಡಿಗೆ ಟವಲು ಬಿಗಿದುಕೊಂಡು ಇಳಿದವನು ಕಣ್ಣ ಮುಂದೆ ಬಂದ. ಬಯಲಿನ ಗುಡುಗು ಇನ್ನೂ ಕಿವಿಯಲ್ಲಿತ್ತು. ಅಂಥ ಆಟ ಈ ಸೀಮೆಯಲ್ಲಿ ಯಾರೂ ಆಡುವುದಿಲ್ಲವೆಂದು ಹೇಳಬೇಕೆಂದುಕೊಂಡು ಬಾಯಿ ತೆರೆದ. ಹೊಟ್ಟೆ ಒಪ್ಪಲಿಲ್ಲ.

"ಪರವಾಗಿಲ್ಲ ಕಣವ್ವ," ಎಂದ. "ಆಡ್ತಾನೆ."

ಅಷ್ಟು ಹೇಳಿದ್ದಕ್ಕೇ ಮೈಯೆಲ್ಲ ಬೆವರಿತು. ತಟ್ಟೆಯನ್ನು ಮುಂದಕ್ಕೆ ತಳ್ಳಿ, ಇನ್ನೊಂದು ಮುದ್ದೆ ಹಾಕೆಂದ.